ಮೇವು ತಿಂತಿದೆ, ಮಲಗ್ತಾ ಇದೆಯಾ?

"ಮೇವು ತಿಂತಿದೆಯಲ್ಲ, ಇನ್ನೇನು?" ಅಂತಾರೆ. ಮುದಿ ಕುದುರೆಗೆ ದಯಾಮರಣ ಕೊಡೋ ಹೊತ್ತು ಬಂತಾ ಅಂತ ತೀರ್ಮಾನಿಸುವಾಗ ಅದೊಂದನ್ನೇ ನಂಬೋ ಹಾಗಿಲ್ಲ. ನೋವಿದ್ದರೂ ಹುಲ್ಲಿಗೆ ಬಾಯಿ ಹಾಕುತ್ತೆ.

ಮಲಗುತ್ತಾ ನೋಡಿ. ನಿಂತೇ ತೂಕಡಿಸುತ್ತೆ ನಿಜ, ಆದರೆ ಗಾಢ ನಿದ್ದೆಗೆ ನೆಲಕ್ಕೆ ಒರಗಲೇಬೇಕು. ಕೀಲುನೋವಿಗೆ ಹೆದರಿ ಮಲಗೋದು ಬಿಟ್ಟ ಕುದುರೆ ನಿದ್ದೆಗಣ್ಣಲ್ಲಿ ನಿಂತಲ್ಲೇ ಮುಗ್ಗರಿಸುತ್ತೆ. ಮುಂಗಾಲಿನ ಗೊರಸಿನ ಮೇಲಿನ ಗೆಣ್ಣಲ್ಲಿ, ಮುಂಭಾಗಕ್ಕೆ, ಮತ್ತೆ ಮತ್ತೆ ತರಚು ಗಾಯ ಕಂಡರೆ ಅನುಮಾನ ಪಡಿ.

ಹಲ್ಲು ಸವೆದು ಅರ್ಧ ಅಗಿದ ಹುಲ್ಲುಂಡೆ ಉಗುಳ್ತಾ ಇದ್ದರೆ ನೆನೆಸಿದ ಬೂಸಾ, ಬೇಯಿಸಿದ ಹುರುಳಿಯಲ್ಲಿ ಕಾಲ ತಳ್ಳಬಹುದು. ಗೊರಸಿನೊಳಗಿನ ಮೂಳೆ ವಾಲಿ ಅಂಗಾಲು ತೂರಿ ಬಂದಿದ್ದರೆ ಲಾಳ ಬದಲಿಸಿ ಉಳಿಸೋದು ಕಷ್ಟ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕಾದ ನಾಡಿ, ನೋವಿನ ಮದ್ದು ಕೊಟ್ಟ ಮೇಲೂ 60 ದಾಟಿಯೇ ನಿಂತರೆ ಅವತ್ತೇ ಡಾಕ್ಟರನ್ನ ಕರೆಸಿ.

ಬಿದ್ದು ಏಳಲಾರದ ದಿನದವರೆಗೆ ಕಾಯೋದು ಯಾರ ಸಮಾಧಾನಕ್ಕೋ ಗೊತ್ತಿಲ್ಲ. ಅಷ್ಟು ಹೊತ್ತಿಗೆ 400 ಕೆಜಿ ಭಾರಕ್ಕೆ ಅಡಿಯಾದ ಸ್ನಾಯುಗಳೇ ಕೆಟ್ಟಿರುತ್ತವೆ. ದಯಾಮರಣಕ್ಕೆ ಹಗಲು ಹೊತ್ತು ಗೊತ್ತುಮಾಡಿ, ಗುಂಡಿ ತೋಡೋಕೆ ಜೆಸಿಬಿ ಮೊದಲೇ ಹೇಳಿಡಿ. ಅದಕ್ಕೆ ಪೆಂಟೋಬಾರ್ಬಿಟಾಲ್ ಅನ್ನೋ ಚುಚ್ಚುಮದ್ದು ಕೊಟ್ಟಿದ್ದರೆ ಆಳವಾಗಿ ಹೂಳಲೇಬೇಕು. ಆ ಮಾಂಸ ತಿಂದ ನಾಯಿ, ರಣಹದ್ದುಗಳೂ ಸಾಯುತ್ತವೆ.