ಊಟದ ಲೆಕ್ಕಪಟ್ಟಿ: ಕ್ಯಾಲೊರಿಯ ಕಾಲಂ ಏಕೆ ತಾಳೆಯಾಗುವುದಿಲ್ಲ

ವಿಜಯಪುರದ ನಮ್ಮ ಮನೆಯ ಅಡುಗೆಯನ್ನು ಅಂಕಿಗಳಲ್ಲಿ ಬರೆದಿಡುವ ಸ್ಪ್ರೆಡ್‌ಶೀಟ್ ಈಗ ಒಂದು ಹದಕ್ಕೆ ಬಂದಿದೆ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತತ್ತಿ ಇವುಗಳ ಸಾಲುಗಳು ತುಂಬಿವೆ. ಎಣ್ಣೆಗಾಯಿ ಮತ್ತು ಗುರೆಳ್ಳು ಹಿಂಡಿ ಬಾಕಿ ಉಳಿದಿವೆ. ಈ ಸಲ ಹೊಸ ಪದಾರ್ಥಗಳನ್ನು ಸೇರಿಸದೆ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಒಂದು ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟಿಗೆ 4 ಕ್ಯಾಲೊರಿ ಎಂದು ಹಿಡಿದು ಗ್ರಾಂಗಳನ್ನು ಗುಣಿಸಿ ಕೂಡಿದಾಗ ಬರುವ ಮೊತ್ತವು, ಫೋನಿನ ಆಹಾರ ಲೆಕ್ಕದ ಆಪ್ ಅದೇ ಪದಾರ್ಥಕ್ಕೆ ತೋರಿಸುವ ಕ್ಯಾಲೊರಿಗೆ ಏಕೆ ಸಮನಾಗುವುದಿಲ್ಲ?

ಈ 4-9-4 ಎಂಬ ಸೂತ್ರವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್‌ವಾಟರ್ ನಡೆಸಿದ ಪ್ರಯೋಗಗಳಿಂದ ಬಂದದ್ದು. ಆಹಾರವನ್ನು ಸುಟ್ಟಾಗ ಹೊರಬರುವ ಶಾಖದಿಂದ, ಜೀರ್ಣವಾಗದೆ ಹೋಗುವ ಭಾಗವನ್ನೂ ಪ್ರೋಟೀನಿನ ವಿಷಯದಲ್ಲಿ ಮೂತ್ರದ ಮೂಲಕ ಹೋಗುವ ಶಕ್ತಿಯನ್ನೂ ಕಳೆದು, ಆ ಕಾಲದ ಅಮೆರಿಕನ್ನರ ಮಿಶ್ರ ಊಟಕ್ಕೆ ಹೊಂದುವ ಸರಾಸರಿಯನ್ನು ಅವರು ಕೊಟ್ಟರು. ಎಂದರೆ ಅದು ಇಡೀ ಊಟದ ಸರಾಸರಿಯೇ ಹೊರತು ಒಂದೊಂದು ಕಾಳಿನ ಗುಣವಲ್ಲ. ಅಮೆರಿಕದ ಕೃಷಿ ಇಲಾಖೆ 1955ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಆಹಾರಗಳಿಗೆ ಪ್ರತ್ಯೇಕ ಗುಣಕಗಳನ್ನು ಕೊಟ್ಟಿತು, ಮತ್ತು ಆ ಇಲಾಖೆಯ ಆಹಾರ ಪೋಷಕಾಂಶಗಳ ಕೋಷ್ಟಕದ ಅನೇಕ ಪದಾರ್ಥಗಳ ಕ್ಯಾಲೊರಿ ಇಂದಿಗೂ ಆ ಗುಣಕಗಳಿಂದಲೇ ಬಂದದ್ದು. ನಮ್ಮ ಫೋನಿನ ಆಪ್‌ಗಳಲ್ಲಿ ಹಲವು ಈ ಕೋಷ್ಟಕದಿಂದಲೇ ಅಂಕಿಗಳನ್ನು ಎತ್ತಿಕೊಳ್ಳುತ್ತವೆ.

ಶೇಂಗಾದ ಸಾಲಿನಲ್ಲಿ ಇದು ಎದ್ದು ಕಾಣುತ್ತದೆ. ಅಮೆರಿಕದ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಶೇಂಗಾಕಾಳಿನಲ್ಲಿ 25.8 ಗ್ರಾಂ ಪ್ರೋಟೀನ್, 49.2 ಗ್ರಾಂ ಕೊಬ್ಬು, 16.1 ಗ್ರಾಂ ಕಾರ್ಬೋಹೈಡ್ರೇಟ್ ಇವೆ, ಕ್ಯಾಲೊರಿ 567. ಆದರೆ 4-9-4ರಿಂದ ಗುಣಿಸಿದರೆ 611ರ ಸಮೀಪ ಬರುತ್ತದೆ. ಶೇಂಗಾಕ್ಕೆಂದೇ ಇರುವ 3.47, 8.37 ಮತ್ತು 4.07 ಎಂಬ ಗುಣಕಗಳನ್ನು ಹಾಕಿದ ಕೂಡಲೇ ಮೊತ್ತ 567ಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿಯೂ ಶೇಂಗಾದ ಕ್ಯಾಲೊರಿ 567 ಎಂದೇ ಇದೆ, ಆದರೆ ಅಲ್ಲಿ ಕೊಬ್ಬು ಕೇವಲ 40.1 ಗ್ರಾಂ, ಪ್ರೋಟೀನ್ 25.3, ಕಾರ್ಬೋಹೈಡ್ರೇಟ್ 26.1. ಇವನ್ನು ಸಾದಾ 4-9-4ರಿಂದ ಗುಣಿಸಿದರೆ ಸರಿಯಾಗಿ 567 ಬರುತ್ತದೆ. ಕ್ಯಾಲೊರಿಯೊಂದನ್ನೇ ನೋಡುವವನಿಗೆ ಎರಡೂ ಕೋಷ್ಟಕಗಳು ಒಂದೇ ಮಾತು ಹೇಳಿದಂತೆ ತೋರುತ್ತದೆ. ಒಳಗೆ ಹೊಕ್ಕರೆ ಕೊಬ್ಬಿನಲ್ಲಿಯೇ 9 ಗ್ರಾಂ ವ್ಯತ್ಯಾಸವಿದೆ. ಇಂತಹ ಕಾಕತಾಳೀಯ ಹೊಂದಾಣಿಕೆಗೆ ನಾನು ಹೊಂದದಿರುವಿಕೆಗಿಂತ ಹೆಚ್ಚು ಅಂಜುತ್ತೇನೆ.

ತತ್ತಿಯಲ್ಲಿ ಅಂತರ ತಿರುವುಮುರುವಾಗುತ್ತದೆ. 100 ಗ್ರಾಂ ಹಸಿ ಕೋಳಿತತ್ತಿಗೆ ಅಮೆರಿಕದ ಕೋಷ್ಟಕ 143 ಕ್ಯಾಲೊರಿ ಕೊಡುತ್ತದೆ, 4-9-4 ಸುಮಾರು 139 ಕೊಡುತ್ತದೆ, ಏಕೆಂದರೆ ತತ್ತಿಯ ಪ್ರೋಟೀನಿನ ಪ್ರತ್ಯೇಕ ಗುಣಕ 4.36. ಹೀಗೆ ಒಂದು ಪದಾರ್ಥ ಮೇಲಕ್ಕೂ ಇನ್ನೊಂದು ಕೆಳಕ್ಕೂ ಎಳೆಯುವುದರಿಂದ, ದಿನದ ಕೊನೆಯ ಮೊತ್ತ ತಾಳೆಯಾದ ಮಾತ್ರಕ್ಕೆ ಸಾಲುಗಳೆಲ್ಲ ಸರಿಯಾಗಿವೆ ಎನ್ನಲಾಗದು. ಆದ್ದರಿಂದ ತಾಳೆ ನೋಡುವ ಕೆಲಸವನ್ನು ದಿನದ ಮೊತ್ತದಿಂದ ತೆಗೆದು ಪ್ರತಿ ಸಾಲಿಗೂ ಹಾಕಿದ್ದೇನೆ.

ಜೋಳದ ತಕರಾರು ಬೇರೆ ಬಗೆಯದು. ಅಲ್ಲಿ ಗುಣಕಗಳಿಗಿಂತ ನಾರು ಮುಖ್ಯ. ಹೈದರಾಬಾದಿನ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ ನಾರು 1.6 ಗ್ರಾಂ, ಕಾರ್ಬೋಹೈಡ್ರೇಟ್ 72.6 ಗ್ರಾಂ, ಕ್ಯಾಲೊರಿ 349. ಅದೇ ಸಂಸ್ಥೆಯ 2017ರ ಕೋಷ್ಟಕದಲ್ಲಿ ನಾರು 10.2 ಗ್ರಾಂ, ಕಾರ್ಬೋಹೈಡ್ರೇಟ್ 67.7 ಗ್ರಾಂ. ಹಳೆಯದರಲ್ಲಿ ಅಳೆದದ್ದು ಆಮ್ಲ ಮತ್ತು ಕ್ಷಾರದಲ್ಲಿ ಕುದಿಸಿದ ಮೇಲೆ ಉಳಿಯುವ ಕಚ್ಚಾ ನಾರನ್ನು. ಹೊಸದರಲ್ಲಿ ಅಳೆದದ್ದು ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಒಟ್ಟು ನಾರನ್ನು. ಈ ನಾರನ್ನು ಕಾರ್ಬೋಹೈಡ್ರೇಟಿನಿಂದ ಕಳೆದಿರುವುದರಿಂದ, ಹೊಸ ಕೋಷ್ಟಕದ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟುಗಳನ್ನು 4-9-4ರಿಂದ ಗುಣಿಸಿದರೆ 326 ಮಾತ್ರ ಬರುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುವುದರಿಂದ ದೇಹಕ್ಕೆ ಸ್ವಲ್ಪ ಶಕ್ತಿ ಸಿಗುತ್ತದೆಂದು ಅದಕ್ಕೆ ಗ್ರಾಂಗೆ 2 ಕ್ಯಾಲೊರಿ ಹಿಡಿಯುವ ಪದ್ಧತಿಯಿದೆ. ಅದನ್ನು ಸೇರಿಸಿದರೆ 347 ಆಗಿ ಹಳೆಯ ಅಂಕಿಯ ಹತ್ತಿರ ಬರುತ್ತದೆ. ಕ್ಯಾಲೊರಿಯನ್ನು ಹಳೆಯ ಪುಸ್ತಕದಿಂದಲೂ ಕಾರ್ಬೋಹೈಡ್ರೇಟನ್ನು ಹೊಸದರಿಂದಲೂ ಎತ್ತಿ ಒಂದೇ ಸಾಲಿಗೆ ಹೊಲಿದ ನಮೂದುಗಳು ಆಪ್‌ಗಳಲ್ಲಿ ಧಾರಾಳವಾಗಿವೆ. ಹೊತ್ತಿಗೆ ಎರಡು ಮೂರು ರೊಟ್ಟಿ ತಿನ್ನುವ ನಮ್ಮ ಕಡೆಯವರಿಗೆ ಈ ಅಂತರ ತಾತ್ಸಾರ ಮಾಡುವಂಥದ್ದಲ್ಲ.

ರೊಟ್ಟಿಯ ತೂಕದ ವಿಷಯದಲ್ಲಿ ಅವ್ವನೇ ತೀರ್ಪು ಕೊಟ್ಟಳು. ನಾನು ತಕ್ಕಡಿ ಹಿಡಿದು ಒಲೆಯ ಹತ್ತಿರ ನಿಂತದ್ದನ್ನು ನೋಡಿ, "ಹಿಟ್ಟ ತೂಗೋ, ರೊಟ್ಟಿ ಯಾಕ ತೂಗತಿ? ಎಸರಿನ ನೀರಿಗೇನು ಶಕ್ತಿ ಇರತದ?" ಎಂದಳು. ಅರ್ಧ ಕಿಲೋ ಹಿಟ್ಟಿನ ಮೆತ್ತನೆಯ ರೊಟ್ಟಿಗಳು ಹಂಚಿನಿಂದ ಇಳಿದಾಗ 710 ಗ್ರಾಂ ತೂಗಿದವು; ಅಷ್ಟೇ ಹಿಟ್ಟಿನ ಖಡಕ್ ರೊಟ್ಟಿಗಳು ಒಣಗಿದ ಮೇಲೆ 470 ಗ್ರಾಂ ತೂಗಿದವು, ಎಂದರೆ ಹಿಟ್ಟಿಗಿಂತಲೂ ಕಡಿಮೆ, ಏಕೆಂದರೆ ಹಿಟ್ಟಿನಲ್ಲಿಯೇ ಶೇಕಡಾ 12ರಷ್ಟು ನೀರಿರುತ್ತದೆ. ಹಳೆಯ ಕೋಷ್ಟಕದಂತೆ ಎರಡರಲ್ಲಿಯೂ ಒಟ್ಟು 1745 ಕ್ಯಾಲೊರಿ. ಆದರೆ 100 ಗ್ರಾಂಗೆ ಹೇಳುವುದಾದರೆ ಮೆತ್ತನೆಯದಕ್ಕೆ 246, ಖಡಕ್ಕಿಗೆ 371. ಆಪ್‌ನಲ್ಲಿ ಬರೀ "ಜೋಳದ ರೊಟ್ಟಿ, 100 ಗ್ರಾಂ" ಎಂದಿದ್ದರೆ ಅದು ಯಾವ ರೊಟ್ಟಿಯೆಂದು ಯಾರಿಗೆ ಗೊತ್ತು? ಇನ್ನು ಮುಂದೆ ನಮ್ಮ ಪಟ್ಟಿಯಲ್ಲಿ ರೊಟ್ಟಿಯೆಂಬ ಸಾಲೇ ಇರುವುದಿಲ್ಲ, ಒಣ ಹಿಟ್ಟು ಮಾತ್ರ ಇರುತ್ತದೆ.

ಪೊಟ್ಟಣದ ತಿನಿಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಮನೆಗೆ ಅವು ಬರುವುದೂ ಕಡಿಮೆ. ಅಂಕಿಗಳನ್ನು ದುಂಡಾಗಿಸಿ ಅಚ್ಚು ಹಾಕುವುದರಿಂದ ಸಣ್ಣ ಅಂತರಗಳು ಬಂದೇ ಬರುತ್ತವೆ. ಸಕ್ಕರೆರಹಿತ ಬಿಸ್ಕೀಟಿನ ಮಾಲ್ಟಿಟಾಲ್‌ನಂತಹ ಸಿಹಿಕಾರಕಗಳು ಕಾರ್ಬೋಹೈಡ್ರೇಟಿನ ಲೆಕ್ಕಕ್ಕೆ ಸೇರಿದರೂ ಪೂರ್ತಿ 4 ಕ್ಯಾಲೊರಿ ಕೊಡುವುದಿಲ್ಲ. ಮದ್ಯವಂತೂ ಗ್ರಾಂಗೆ 7 ಕ್ಯಾಲೊರಿ ಕೊಟ್ಟರೂ ಮೂರು ಕಾಲಂಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಪಟ್ಟಿಯಲ್ಲಿ ಈಗ ಮಾಡಿದ ಬದಲಾವಣೆ ಹೀಗಿದೆ. ಪ್ರಕಟಿತ ಕ್ಯಾಲೊರಿ ಮತ್ತು 4-9-4ರ ಕ್ಯಾಲೊರಿ ಅಕ್ಕಪಕ್ಕ ಇವೆ. ಒಂದನ್ನು ತಿದ್ದಿ ಇನ್ನೊಂದಕ್ಕೆ ಸಮ ಮಾಡುವುದಿಲ್ಲ. ನಾರಿಗೆ ಪ್ರತ್ಯೇಕ ಕಾಲಂ ಬಂದಿದೆ, ಪ್ರತಿ ಸಾಲಿನ ಅಂಕಿಗಳೆಲ್ಲ ಒಂದೇ ಕೋಷ್ಟಕದಿಂದ ಬಂದಿರಬೇಕು, ಮತ್ತು ಆ ಕೋಷ್ಟಕದ ಹೆಸರು ಸಾಲಿನ ಕೊನೆಗೆ ಇರಬೇಕು. 2017ರ ಭಾರತೀಯ ಕೋಷ್ಟಕದಲ್ಲಿ ಶಕ್ತಿ ಕಿಲೋಜೂಲ್‌ಗಳಲ್ಲಿರುವುದರಿಂದ ಅದನ್ನು 4.184ರಿಂದ ಭಾಗಿಸುವ ಸೂತ್ರವನ್ನೂ ಕೂಡಿಸಿದ್ದೇನೆ. ಅಂತರ ಶೇಕಡಾ 10 ದಾಟಿದರೆ ಸಾಲು ಕೆಂಪಾಗುತ್ತದೆ. ಶೇಂಗಾ ಕೆಂಪಾಗದೆ ಅಂಚಿನಲ್ಲಿಯೇ ನಿಂತಿದೆ. ಮುಂದಿನ ಸರದಿ ಎಣ್ಣೆಗಾಯಿಯದು: ಬದನೆಕಾಯಿ ತೆಗೆದ ಮೇಲೆ ಬಾಣಲೆಯಲ್ಲಿ ಉಳಿಯುವ ಎಣ್ಣೆಯನ್ನು ತೂಗದೆ ಕೊಬ್ಬಿನ ಕಾಲಂ ತುಂಬುವ ಹಾಗಿಲ್ಲ. ಬಾಣಲೆಯನ್ನು ತೂಗಲು ಅವ್ವನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.