ಬಜ್ಪೆಯ ಗುಡ್ಡಕ್ಕೆ ಐಎಲ್‌ಎಸ್ ಕೂರಿಸುವುದು: ಮನೆ ಸಿಮ್ಯುಲೇಟರ್ ಕೆಲಸದ ಅನುಭವ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಸಿಕೊಳ್ಳುವವರು ಮೊದಲು ಇಳಿಯಬೇಕೆನ್ನುವುದು ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲೇ. ಕಲಿಯಲು ಅದು ಒಳ್ಳೆಯ ಜಾಗ, ಆದರೆ ಡೇಟಾದಲ್ಲಿ ತಪ್ಪಾದರೆ ಸುಮ್ಮನೆ ಬಿಡುವ ಜಾಗವಲ್ಲ. 2450 ಮೀಟರ್ ಉದ್ದದ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 337 ಅಡಿ ಎತ್ತರದಲ್ಲಿ. ಎರಡೂ ತುದಿಗಳಾಚೆ ನೆಲ ಕೆಳಗಿಳಿಯುತ್ತದೆ. ಬಯಲಿನ ನಿಲ್ದಾಣದಲ್ಲಿ ಕಣ್ಣಿಗೆ ಬೀಳದೆ ಹೋಗುವ ತಪ್ಪು ಅಂಕೆ ಇಲ್ಲಿ ವಿಮಾನವನ್ನು ನೇರ ಗುಡ್ಡದ ಪಕ್ಕೆಗೆ ಒಯ್ಯುತ್ತದೆ.

ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ನಲ್ಲಿ 24ನೇ ರನ್‌ವೇಯ (ಅದೇ ರನ್‌ವೇಗೆ ಈಶಾನ್ಯದಿಂದ ಇಳಿಯುವಾಗಿನ ಹೆಸರು) ಐಎಲ್‌ಎಸ್, ಅಂದರೆ ರೇಡಿಯೋ ಕಿರಣಗಳಿಂದ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆ, ಮೊದಲೇ ಇರುತ್ತದೆ. ತೊಂದರೆ ಶುರುವಾಗುವುದು ಬೇರೆ ಸೀನರಿ (ನಿಲ್ದಾಣ, ನೆಲದ ದೃಶ್ಯ) ಹಾಕಿದಾಗ. ಸೀನರಿ ಮಾಡಿದವರು ಉಪಗ್ರಹ ಚಿತ್ರ ನೋಡಿ ರನ್‌ವೇಯನ್ನು ಕೆಲವು ಮೀಟರ್ ಸರಿಸಿರುತ್ತಾರೆ, ರೇಡಿಯೋ ಕಿರಣ ಹಳೆಯ ಜಾಗದಲ್ಲೇ ಉಳಿದಿರುತ್ತದೆ. ಆಗ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಫ್ರೀಕ್ವೆನ್ಸಿ, ಗುರುತಿನ ಅಕ್ಷರ, ಗ್ಲೈಡ್ (ಇಳಿಜಾರು ತೋರಿಸುವ ಕಿರಣ) ಕೋನ ಇವನ್ನು ಭಾರತದ ಅಧಿಕೃತ ವಿಮಾನಯಾನ ಮಾಹಿತಿ ಪುಸ್ತಕವಾದ ಎಐಪಿ ಇಂಡಿಯಾದಿಂದಲೇ ತೆಗೆದುಕೊಳ್ಳಬೇಕು. ಅದರಲ್ಲಿ ಪ್ರತಿ ನಿಲ್ದಾಣದ ಎಡಿ 2.19 ಭಾಗದಲ್ಲಿ ರೇಡಿಯೋ ಸಾಧನಗಳ ವಿವರ, ಎಡಿ 2.12ರಲ್ಲಿ ರನ್‌ವೇಯ ಅಳತೆ ಮತ್ತು ದಿಕ್ಕು ಇರುತ್ತದೆ. ಆದರೆ ಎಡ-ಬಲ ತೋರಿಸುವ ಲೋಕಲೈಸರ್ ಕಿರಣದ ಸಾಲನ್ನು ಪರದೆಯ ಮೇಲೆ ಕಾಣುವ ರನ್‌ವೇಗೇ ಹೊಂದಿಸಿ. ಮುಳ್ಳು ನಡುವಿನಲ್ಲಿದ್ದು ಕಿಟಕಿಯಲ್ಲಿ ರನ್‌ವೇ ಪಕ್ಕಕ್ಕಿದ್ದರೆ ಕಲಿಯುವವರಿಗೆ ಉಪಕರಣದ ಮೇಲಿನ ನಂಬಿಕೆಯೇ ಹೋಗುತ್ತದೆ.

ಸಿಮ್ಯುಲೇಟರ್‌ನ ರೇಡಿಯೋ ಡೇಟಾದ ಮೂಲ ಫೈಲಿಗೆ ಕೈಹಾಕಬೇಡಿ. ಕಸ್ಟಮ್ ಡೇಟಾ ಫೋಲ್ಡರ್‌ನಲ್ಲಿ ಯೂಸರ್_ನ್ಯಾವ್ ಹೆಸರಿನ ಡ್ಯಾಟ್ ಫೈಲ್ (user_nav.dat) ಮಾಡಿಕೊಂಡು ನಿಮ್ಮ ಸಾಲುಗಳನ್ನು ಅದರಲ್ಲೇ ಬರೆದರೆ, 28 ದಿನಕ್ಕೊಮ್ಮೆ ಬರುವ ಏರಾಕ್ (ವಿಮಾನಯಾನ ಡೇಟಾ) ಅಪ್‌ಡೇಟ್ ಹಾಕಿದಾಗಲೂ ಅವು ಉಳಿಯುತ್ತವೆ. ಕೊನೆಯ ಸಾಲಿನಲ್ಲಿ 99 ಇರಲೇಬೇಕು. ನೋಟ್‌ಪ್ಯಾಡ್ ಹೆಸರಿನ ಕೊನೆಗೆ ತಾನೇ ಟೆಕ್ಸ್ಟ್ ಬಾಲ ಸೇರಿಸಿದರೆ ಸಿಮ್ಯುಲೇಟರ್ ಆ ಫೈಲನ್ನು ಓದುವುದೇ ಇಲ್ಲ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿ ನೋಡಿಕೊಳ್ಳಿ.

ಐಎಲ್‌ಎಸ್ ಅಂದರೆ ಒಂದೇ ಸಾಲಲ್ಲ. ಲೋಕಲೈಸರ್‌ಗೆ 4, ಗ್ಲೈಡ್‌ಗೆ 6, ಅದರ ಜೊತೆಗಿನ, ದೂರ ತೋರಿಸುವ ಡಿಎಂಇಗೆ 12 ಎಂಬ ಸಂಕೇತದಿಂದ ಶುರುವಾಗುವ ಮೂರು ಸಾಲುಗಳು ಬೇಕು. ಮೂರರಲ್ಲೂ ಫ್ರೀಕ್ವೆನ್ಸಿ, ಗುರುತಿನ ಅಕ್ಷರ, ನಿಲ್ದಾಣದ ಸಂಕೇತ ಒಂದೇ ಆಗಿರಬೇಕು. ಫ್ರೀಕ್ವೆನ್ಸಿಯನ್ನು ಬಿಂದುವಿಲ್ಲದೆ ಬರೆಯಬೇಕು: 110.30 ಅಂದರೆ 11030. ಗ್ಲೈಡ್ ನಿಜವಾಗಿ ಕೆಲಸ ಮಾಡುವುದು 330 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಆದರೂ ಅದರ ಸಾಲಿನಲ್ಲಿ ಬರೆಯಬೇಕಾದ್ದು ಲೋಕಲೈಸರ್‌ನ ಫ್ರೀಕ್ವೆನ್ಸಿಯನ್ನೇ.

ಹೆಚ್ಚು ಕೆಡುವುದು ಲೋಕಲೈಸರ್‌ನ ಜಾಗ ಮತ್ತು ದಿಕ್ಕು. ಅದರ ಆಂಟೆನಾ ವಿಮಾನ ಇಳಿಯುವ ತುದಿಯಲ್ಲಿರುವುದಿಲ್ಲ, ಎದುರಿನ ತುದಿಯಾಚೆ ಇರುತ್ತದೆ. 24ಕ್ಕೆ ಇಳಿಯುವಾಗ ವಿಮಾನ ಈಶಾನ್ಯದಿಂದ ಬರುತ್ತದೆ, ಆಂಟೆನಾ ನೈಋತ್ಯದ ಕೊನೆಯಲ್ಲಿ. ಜಾಗ ಕಡಿಮೆಯಿರುವ ಗುಡ್ಡದ ಮೇಲೆ ಅದು ತುದಿಗೆ ಎಷ್ಟು ಹತ್ತಿರವಿರಬೇಕಾಗುತ್ತದೆ ಎಂಬುದಕ್ಕೆ ಇಲ್ಲೇ ನಡೆದ 2010ರ ಮೇ 22ರ ವಿಮಾನ ದುರಂತದ ತನಿಖಾ ವರದಿಯಲ್ಲಿ ಅಳತೆಯಿದೆ: ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ, ನಂತರ 90 ಮೀಟರ್ ಸುರಕ್ಷಾ ಜಾಗ, ಅಲ್ಲಿಂದ 85 ಮೀಟರ್ ದೂರದಲ್ಲಿ ಲೋಕಲೈಸರ್ ಕಟ್ಟೆ. ಒಟ್ಟು 235 ಮೀಟರ್. 158 ಜನ ತೀರಿಕೊಂಡ ಘಟನೆಯ ದಾಖಲೆ ಅದು, ಆ ಸಂಖ್ಯೆಗಳನ್ನು ಗೌರವದಿಂದಲೇ ಓದಬೇಕು. ಇಂದಿನ ಜಾಗಕ್ಕೆ ಮಾತ್ರ ಈಗಿನ ಎಐಪಿಯೇ ಆಧಾರ.

ದಿಕ್ಕನ್ನು ರನ್‌ವೇ ಮೇಲಿನ 24 ನೋಡಿ 240 ಎಂದು ಬರೆದುಬಿಡುವವರಿದ್ದಾರೆ. ಅದು ಕಾಂತೀಯ ದಿಕ್ಕನ್ನು ಹತ್ತಿರದ ಹತ್ತಕ್ಕೆ ಇಳಿಸಿದ ಅಂಕೆ, ಫೈಲಿಗೆ ಬೇಕಾದ್ದಲ್ಲ. ಎರಡೂ ತುದಿಗಳ ನಡುಗೆರೆಯ ಅಕ್ಷಾಂಶ, ರೇಖಾಂಶ ಹಿಡಿದು ನಿಜ ಉತ್ತರದಿಂದ ದಿಕ್ಕು ಲೆಕ್ಕ ಹಾಕಿ. ಎಕ್ಸೆಲ್‌ನಲ್ಲಿ ಮಾಡುವಾಗ ರೇಖಾಂಶದ ವ್ಯತ್ಯಾಸವನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಲೇಬೇಕು. ನಮ್ಮ 13 ಡಿಗ್ರಿಯಲ್ಲಿ ಅದು 0.974, ಇದೇನು ಮಹಾ ಅನಿಸುತ್ತದೆ. ಬಿಟ್ಟರೆ 240 ಡಿಗ್ರಿ ಆಸುಪಾಸಿನ ರನ್‌ವೇಗೆ 0.64 ಡಿಗ್ರಿ ತಪ್ಪುತ್ತದೆ, 10 ನಾಟಿಕಲ್ ಮೈಲಿ ದೂರದಲ್ಲಿ ಅದು 200 ಮೀಟರಿಗೂ ಹೆಚ್ಚು. ಲೋಕಲೈಸರ್ ಮುಳ್ಳು ಪೂರ್ತಿ ಪಕ್ಕಕ್ಕೆ ಹೋಗುವುದೇ ಸುಮಾರು 2.5 ಡಿಗ್ರಿಗೆ ಎಂಬುದನ್ನು ನೆನಪಿಡಿ.

ಎಕ್ಸ್-ಪ್ಲೇನ್ 11ರಿಂದ ಈಚೆಗೆ ಲೋಕಲೈಸರ್ ಸಾಲಿನ ದಿಕ್ಕಿನ ಕಾಲಮ್‌ನಲ್ಲಿ ಎರಡು ದಿಕ್ಕುಗಳನ್ನು ಒಂದೇ ಅಂಕೆಯಲ್ಲಿ ಕೂಡಿಸಬೇಕು: ಕಾಂತೀಯ ದಿಕ್ಕನ್ನು 360ರಿಂದ ಗುಣಿಸಿ ನಿಜ ದಿಕ್ಕು ಸೇರಿಸಬೇಕು. ಕಾಂತೀಯ 242, ನಿಜ 240.5 ಎಂದಿಟ್ಟುಕೊಂಡರೆ 87120ಕ್ಕೆ 240.5 ಸೇರಿ 87360.500. ಗ್ಲೈಡ್ ಸಾಲಿನಲ್ಲಿ ಕೋನ ಮುಂದೆ, ನಿಜ ದಿಕ್ಕು ಹಿಂದೆ: 3 ಡಿಗ್ರಿಗೆ 300240.500. ಫ್ಲೈಟ್‌ಗಿಯರ್ ಎಂಬ ಇನ್ನೊಂದು ಸಿಮ್ಯುಲೇಟರ್ ಓದುವ ಹಳೆಯ 810 ಮಾದರಿಯ ಫೈಲಿನಲ್ಲಿ ಲೋಕಲೈಸರ್‌ಗೆ ನಿಜ ದಿಕ್ಕು ಮಾತ್ರ. ಹಾಗಾಗಿ ಒಂದರ ಸಾಲನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಕೆಡುತ್ತದೆ.

ಅಕ್ಷಾಂಶ, ರೇಖಾಂಶಕ್ಕೆ ದಶಾಂಶದ ಐದು ಸ್ಥಾನವಾದರೂ ಇರಲಿ. ಮೂರೇ ಸ್ಥಾನದಲ್ಲಿ ಒಂದು ಅಂಕೆ ಹೆಚ್ಚುಕಡಿಮೆಯಾದರೆ ನೂರು ಮೀಟರ್ ದಾಟುತ್ತದೆ, ರನ್‌ವೇಯ ಅಗಲವೇ 45 ಮೀಟರ್. ಎಐಪಿಯಲ್ಲಿರುವುದು ಡಿಗ್ರಿ, ಮಿನಿಟ್, ಸೆಕೆಂಡ್. 12 ಡಿಗ್ರಿ 57 ಮಿನಿಟ್ ಅಂದರೆ 12.57 ಅಲ್ಲ, 12.95.

ಗ್ಲೈಡ್ ಆಂಟೆನಾ ಇಳಿಯುವ ತುದಿಯಿಂದ ಸುಮಾರು 300 ಮೀಟರ್ ಒಳಗೆ, ರನ್‌ವೇಯ ಪಕ್ಕದಲ್ಲಿರುತ್ತದೆ. 3 ಡಿಗ್ರಿಯ ಕಿರಣ ಹೀಗೆ ತುದಿಯನ್ನು 50 ಅಡಿ ಮೇಲೆ ದಾಟುತ್ತದೆ. ಈ ಸಾಲಿನ ಎತ್ತರದ ಕಾಲಮ್ ಅನ್ನು ಸೊನ್ನೆ ಬಿಡುವುದು ಬಜ್ಪೆಯ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ತಪ್ಪು. ಇಡೀ ಕಿರಣ 337 ಅಡಿ ಕೆಳಗಿಳಿಯುತ್ತದೆ, ಆಂಟೆನಾಕ್ಕೆ ಇನ್ನೂ ಸುಮಾರು 2 ಕಿಲೋಮೀಟರ್ ಇರುವಾಗಲೇ ವಿಮಾನ ರನ್‌ವೇ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಮುಳ್ಳು ನಡುವಿನಲ್ಲೇ ಇರುತ್ತದೆ, ಎದುರಿಗೆ ಮಾತ್ರ ಮಣ್ಣಿನ ಗೋಡೆ. ಮೀಟರನ್ನು ಅಡಿ ಎಂದು ಬರೆದರೂ, ಅಂದರೆ 337ರ ಬದಲು 103 ಹಾಕಿದರೂ, ಇದೇ ಗತಿ.

ವ್ಯಾಪ್ತಿಯ ಕಾಲಮ್‌ನಲ್ಲಿ ದೊಡ್ಡ ಅಂಕೆ ಹಾಕುವ ಆಸೆ ಬೇಡ. ಲೋಕಲೈಸರ್‌ಗೆ 18, ಗ್ಲೈಡ್‌ಗೆ 10 ನಾಟಿಕಲ್ ಮೈಲಿ ಸಾಕು. 1894 ಮೀಟರ್ ಎತ್ತರದ ಕುದುರೆಮುಖ ಇರುವುದು 24ಕ್ಕೆ ಇಳಿಯಲು ವಿಮಾನ ಬರುವ ದಿಕ್ಕಿನಲ್ಲೇ, ಈಶಾನ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ. ಲೋಕಲೈಸರ್ ಎತ್ತರವನ್ನು ಹೇಳುವುದಿಲ್ಲ. ಘಟ್ಟದಾಚೆಯೇ ಸಿಗ್ನಲ್ ಸಿಕ್ಕಿತೆಂದು ಆಟೋಪೈಲಟ್ ಅದನ್ನೇ ಹಿಡಿದು ಬೆಟ್ಟಕ್ಕೆ ನುಗ್ಗಬಹುದು.

ವಿಒಆರ್ (ತನ್ನಿಂದ ವಿಮಾನ ಯಾವ ದಿಕ್ಕಿನಲ್ಲಿದೆ ಎಂದು ತೋರಿಸುವ ರೇಡಿಯೋ ಕೇಂದ್ರ) ಸಾಲು ಸುಲಭ. ಆದರೆ ಅದರ ಏಳನೇ ಕಾಲಮ್‌ನಲ್ಲಿ ಇಂದಿನ ಕಾಂತೀಯ ವ್ಯತ್ಯಾಸ (ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರ) ಬರೆಯದೆ, ಆ ಕೇಂದ್ರಕ್ಕೆ ಪ್ರಕಟವಾಗಿರುವುದನ್ನೇ ಬರೆಯಿರಿ, ಪಶ್ಚಿಮವಾದರೆ ಮೈನಸ್. ಮಲ್ಪೆಯಲ್ಲೋ ಕಾಪು ದೀಪಸ್ತಂಭದ ಬಳಿಯೋ ಒಂದು ಗುರುತು ಬೇಕೆನ್ನುವವರು ಇಲ್ಲದ ಎನ್‌ಡಿಬಿಯನ್ನು (ಸರಳ ರೇಡಿಯೋ ದಿಕ್ಸೂಚಿ ಕೇಂದ್ರ) ಸೃಷ್ಟಿಸದೆ ಯೂಸರ್_ಫಿಕ್ಸ್ ಫೈಲಿನಲ್ಲಿ ಬಿಂದು ಹಾಕಿಕೊಳ್ಳಲಿ. ಇಲ್ಲದ ರೇಡಿಯೋವನ್ನು ಟ್ಯೂನ್ ಮಾಡಿ ಅಭ್ಯಾಸವಾದರೆ ಮುಂದೆ ಅದನ್ನು ಬಿಡಿಸುವುದು ಕಷ್ಟ.

ಪರೀಕ್ಷೆಯನ್ನು ಹಾರದೇ ಶುರುಮಾಡಿ. ವಿಮಾನವನ್ನು 24ರ ತುದಿಯಲ್ಲಿ ನಡುಗೆರೆಯ ಮೇಲೆ ನಿಲ್ಲಿಸಿ ಟ್ಯೂನ್ ಮಾಡಿ. ಗುರುತಿನ ಅಕ್ಷರದ ಮೋರ್ಸ್ ಸದ್ದು ಕೇಳಿಸಬೇಕು, ಮುಳ್ಳು ನಡುವಿನಲ್ಲಿರಬೇಕು. ನಂತರ ಹವಾಮಾನವನ್ನು 1013 ಹೆಕ್ಟೊಪಾಸ್ಕಲ್, ಗಾಳಿ ಸೊನ್ನೆಗೆ ಇಟ್ಟು, ಅದೇ ಸಾಲಿನಲ್ಲಿ ಗ್ಲೈಡ್ ಆಂಟೆನಾದಿಂದ 5 ನಾಟಿಕಲ್ ಮೈಲಿ ದೂರಕ್ಕೆ ಒಯ್ಯಿರಿ. ಆಲ್ಟಿಮೀಟರ್ ಸುಮಾರು 1930 ಅಡಿ ತೋರಿಸುವಾಗ ಗ್ಲೈಡ್ ಮುಳ್ಳು ನಡುವಿಗೆ ಬರಬೇಕು. 1600ಕ್ಕೆ ಬಂದರೆ ಎತ್ತರದ ಕಾಲಮ್ ಸೊನ್ನೆಯಾಗಿದೆ ಎಂದೇ ಅರ್ಥ. ತುದಿಯಲ್ಲಿ ಸರಿಯಿದ್ದು ದೂರದಲ್ಲಿ ರನ್‌ವೇ ಸಾಲಿನಿಂದ ಸರಿಯುತ್ತಾ ಹೋದರೆ ದಿಕ್ಕು ತಪ್ಪಿದೆ. ದೂರದಲ್ಲಿ ಸರಿಯಿದ್ದು ಹತ್ತಿರ ಬಂದಂತೆ ಮುಳ್ಳು ಪಕ್ಕಕ್ಕೆ ಸರಿದರೆ ಆಂಟೆನಾದ ಜಾಗ ತಪ್ಪಿದೆ.

ಇಷ್ಟೂ ಸರಿಯಿದ್ದು ವಿಒಆರ್ ಹಿಡಿಯುವಾಗ ಮಾತ್ರ ಮುಳ್ಳು ಕುಣಿದರೆ ಫೈಲನ್ನು ಬಿಟ್ಟು ವಿಒಆರ್‌ಗೆ ದಿಕ್ಕು ಆರಿಸುವ ಓಬಿಎಸ್ ನಾಬ್ ನೋಡಿ. ನಾಬ್ ತಿರುಗಿದ್ದನ್ನು ಎಣಿಸುವ ಅಗ್ಗದ ರೋಟರಿ ಎನ್‌ಕೋಡರ್‌ನ ಒಳಗಿನ ಲೋಹ ನಮ್ಮ ಉಪ್ಪುಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬೇಗ ಮಂಕಾಗುತ್ತದೆ. ಒಂದು ಕ್ಲಿಕ್ಕಿಗೆ ಎರಡು ಡಿಗ್ರಿ ಹಾರುವುದು, ಹಿಂದಕ್ಕೆ ಎಣಿಸುವುದು ಕಾಣುತ್ತದೆ. ಹೊಸದರಲ್ಲೇ ಪ್ರತಿ ಕ್ಲಿಕ್ಕಿಗೂ ಒಂದೇ ರೀತಿ ಹಾರಿದರೆ ನಾಬ್‌ಗಳನ್ನು ಸಿಮ್ಯುಲೇಟರ್‌ಗೆ ಜೋಡಿಸುವ ಮೊಬಿಫ್ಲೈಟ್ ತಂತ್ರಾಂಶದಲ್ಲಿ ಎನ್‌ಕೋಡರ್ ಮಾದರಿ ಬದಲಿಸಿದರೆ ಸಾಕು. ಹೇಗೆಂದರೆ ಹಾಗೆ ಹಾರಿದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಎನ್‌ಕೋಡರ್ ಬದಲಿಸಿ, ಮಳೆಗಾಲಕ್ಕೆ ಮೊದಲು ಎರಡು ಹೆಚ್ಚುವರಿ ತಂದಿಟ್ಟುಕೊಳ್ಳಿ.