‘ಅವರೇ ಒಪ್ಪಿ ಬಂದಿರ್ತಾರಲ್ಲ, ನಿನಗೇನು ಕಷ್ಟ?’

ಟಿವಿಯಲ್ಲಿ ದುಡ್ಡಿಗಾಗಿ ಮನೆ ಗುಟ್ಟು ಹೇಳಿಕೊಳ್ಳುವ ಆಟಗಳು ನನಗೆ ಆಗುವುದಿಲ್ಲ. ದಾವಣಗೆರೆಯ ನಮ್ಮ ನೆಂಟರಿಗೆಲ್ಲ ಇದು ಗೊತ್ತು. ಅದಕ್ಕೇ ಈ ಪ್ರಶ್ನೆ. ಅವರೇ ಒಪ್ಪಿ ಬಂದಿರ್ತಾರೆ, ಸಹಿ ಹಾಕಿರ್ತಾರೆ, ಗೆದ್ದರೆ ಕಾಸು. ನೋಡೋಕೆ ನಿನಗ್ಯಾಕೆ ಮುಜುಗರ? ನಾನೇನು ಮಡಿವಂತಳಲ್ಲ. ಬೈಗುಳ, ಕುಡಿತ, ಅಫೇರು, ಯಾವುದಕ್ಕೂ ಕಿವಿ ಮುಚ್ಚಿಕೊಳ್ಳುವವಳಲ್ಲ. ನನ್ನ ತಕರಾರು ಬೇರೆ.

‘ಸಚ್ ಕಾ ಸಾಮ್ನಾ’ ನೆನಪಿದೆಯಾ? 2009ರ ಜುಲೈನಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾಯಿತು. ರಾಜೀವ್ ಖಂಡೇಲ್‌ವಾಲ್ ನಡೆಸಿಕೊಡುತ್ತಿದ್ದರು. 21 ಪ್ರಶ್ನೆಗೂ ನಿಜ ಹೇಳಿದರೆ ಒಂದು ಕೋಟಿ ರೂಪಾಯಿ. ಅದರ ತುಣುಕುಗಳು ಈಗಲೂ ಮೊಬೈಲಿನಲ್ಲಿ ಓಡಾಡುತ್ತವೆ. ಬೆಣ್ಣೆದೋಸೆಗೆ ಕಾಯುತ್ತಾ ಕೂತರೆ ಪಕ್ಕದ ಟೇಬಲ್‌ನಿಂದ ಕೇಳಿಸುತ್ತದೆ.

ಈ ಆಟದಲ್ಲಿ ಪ್ರಶ್ನೆಗಳನ್ನು ವೇದಿಕೆ ಮೇಲೆ ಮೊದಲ ಸಲ ಕೇಳುವುದಿಲ್ಲ. ಅದಕ್ಕೂ ಮುಂಚೆಯೇ ಸ್ಪರ್ಧಿಯನ್ನು ಪಾಲಿಗ್ರಾಫ್ ಅನ್ನುವ ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಿ, ಒಂದೊಂದಾಗಿ ಕೇಳಿ ಮುಗಿಸಿರುತ್ತಾರೆ. ಅಂದರೆ ಕಾರ್ಯಕ್ರಮದವರ ಕೈಯಲ್ಲಿ ಉತ್ತರ ಆಗಲೇ ಇದೆ. ಸ್ಪರ್ಧಿಗೂ ತಾನು ಏನು ಹೇಳಿದ್ದೇನೆ ಅಂತ ಗೊತ್ತು. ಹಾಗಾದರೆ ಅಲ್ಲಿ ಏನೂ ಗೊತ್ತಿಲ್ಲದೆ ಕೂತವರು ಯಾರು? ಎದುರು ಸೋಫಾದಲ್ಲಿರುವ ಹೆಂಡತಿ, ಅಮ್ಮ, ಮಗಳು. ಪ್ರಶ್ನೆ ಬಿದ್ದ ಕೂಡಲೇ ಕ್ಯಾಮೆರಾ ತಿರುಗುವುದು ಅವರ ಕಡೆಗೇ. ಬರೀ ನಿಜ ಬೇಕಿದ್ದರೆ ಮೊದಲು ಯಂತ್ರದ ಮುಂದೆ ಕೇಳಿದ್ದನ್ನೇ ತೋರಿಸಬಹುದಿತ್ತು. ಅದನ್ನು ಯಾರು ನೋಡುತ್ತಾರೆ? ನಮಗೆ ಬೇಕಿರುವುದು ಆ ಹೆಂಡತಿಯ ಮುಖ.

ಅವಳೂ ಒಪ್ಪಿಯೇ ಬಂದಿದ್ದಾಳೆ ಅನ್ನಬಹುದು. ಬಂದು ಕೂರಲು ಒಪ್ಪಿದ್ದಾಳೆ, ಸರಿ. ಏನು ಕೇಳಿಸಿಕೊಳ್ಳಲು ಒಪ್ಪಿದ್ದೇನೆ ಅನ್ನುವುದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದರೆ ಆಟವೇ ಇಲ್ಲ. ಇನ್ನು, ಗಂಡ ಹೇಳುವ ಗುಟ್ಟಿನಲ್ಲಿ ಇನ್ನೊಬ್ಬಳೂ ಇರುತ್ತಾಳೆ. ಅವಳು ಯಾವ ಊರಲ್ಲಿ ಯಾವ ಸಂಸಾರ ಮಾಡಿಕೊಂಡಿದ್ದಾಳೋ. ಆ ಕೋಟಿಯಲ್ಲಿ ಅವಳ ಪಾಲೆಷ್ಟು?

‘ಹಾಗಾದ್ರೆ ಸಿರಿಗೆರೆಯಲ್ಲಿ ನಡೆಯೋದೇನು?’ ಅಂತ ನನ್ನಣ್ಣ ವಾದಕ್ಕೆ ಬರುತ್ತಾನೆ. ಒಳ್ಳೆಯ ಪ್ರಶ್ನೆಯೇ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಮಠದಲ್ಲಿ ಸದ್ಧರ್ಮ ನ್ಯಾಯಪೀಠ ಇದೆ. ಸೋಮವಾರ ಜನ ಸ್ವಾಮೀಜಿ ಎದುರು ಆಸ್ತಿ ಜಗಳ, ಗಂಡ ಹೆಂಡಿರ ಜಗಳ ತಂದು ನಿಲ್ಲುತ್ತಾರೆ. ಸುತ್ತ ಬೇರೆಯವರೂ ಇರುತ್ತಾರೆ. ಮನೆ ಮಾತು ಅಲ್ಲೂ ಹೊರಗೆ ಬೀಳುತ್ತದೆ. ಆದರೆ ಅಲ್ಲಿ ಹೆಂಡತಿಗೂ ಬಾಯಿ ಇದೆ. ‘ಇವನು ಹೇಳ್ತಿರೋದು ಸುಳ್ಳು, ಬುದ್ಧಿ’ ಅಂತ ಸ್ವಾಮೀಜಿಗೆ ಹೇಳಬಹುದು. ಕೇಳಿದ ಮೇಲೆ ಮುಂದೇನು, ಹೊಲ ಯಾರಿಗೆ, ಮಕ್ಕಳು ಎಲ್ಲಿ ಅನ್ನುವ ಮಾತು ಬರುತ್ತದೆ. ಸ್ಟುಡಿಯೋದಲ್ಲಿ ಮುಂದೇನು ಅಂದರೆ ಜಾಹೀರಾತು.

2008ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಇದೇ ಆಟ ‘ದಿ ಮೊಮೆಂಟ್ ಆಫ್ ಟ್ರುಥ್’ ಅಂತ ಬಂತು. ಅದರಲ್ಲಿ ಒಬ್ಬ ಹುಡುಗಿ ಗಂಡನ ಎದುರೇ ಬೇರೆ ಸಂಬಂಧ ಒಪ್ಪಿಕೊಂಡಳು. ಆಮೇಲೆ ‘ನೀನು ಒಳ್ಳೆಯವಳು ಅಂತ ನಿನಗನ್ನಿಸುತ್ತಾ?’ ಅಂತ ಕೇಳಿದರು. ಹೌದು ಅಂದಳು. ಯಂತ್ರದ ಪ್ರಕಾರ ಅದು ಸುಳ್ಳು. ಗೆದ್ದ ದುಡ್ಡೆಲ್ಲ ಹೋಯಿತು. ಅಷ್ಟಕ್ಕೂ ಪಾಲಿಗ್ರಾಫ್ ಅಳೆಯುವುದು ರಕ್ತದೊತ್ತಡ, ನಾಡಿ, ಉಸಿರು, ಚರ್ಮದ ಬೆವರು ಅಷ್ಟೇ. ಗಾಬರಿಯಾದರೂ ಅವು ಏರುತ್ತವೆ. ಗಂಡ ಎದುರಿಗೆ ಕೂರುವ ದಿನ ಹತ್ತಿರ ಬರುತ್ತಿದ್ದರೆ ಯಾರಿಗೆ ಗಾಬರಿಯಾಗಲ್ಲ ಹೇಳಿ?

ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಬಲವಂತವಾಗಿ ಯಾರಿಗೂ ಪಾಲಿಗ್ರಾಫ್, ಮಂಪರು ಪರೀಕ್ಷೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಕಳ್ಳನ ವಿಚಾರಣೆಗೇ ಸಾಲದ ಯಂತ್ರ ಮದುವೆ ಮುರಿಯೋಕೆ ಸಾಕಾ?

ಕೊನೆಗೆ ಎಲ್ಲರೂ ಬರುವುದು ರಿಮೋಟಿಗೆ. ಇಷ್ಟವಿಲ್ಲ ಅಂದರೆ ಆಫ್ ಮಾಡು. 2009ರಲ್ಲಿ ‘ಸಚ್ ಕಾ ಸಾಮ್ನಾ’ ವಿಷಯ ರಾಜ್ಯಸಭೆಯಲ್ಲಿ ಗದ್ದಲ ಎಬ್ಬಿಸಿತ್ತು, ಚಾನೆಲ್‌ಗೆ ಸರ್ಕಾರದ ನೋಟಿಸೂ ಹೋಯಿತು. ನಿಲ್ಲಿಸಿ ಅಂತ ಹೋದವರಿಗೆ ದೆಹಲಿ ಹೈಕೋರ್ಟ್ ಕೇಳಿದ್ದೂ ಇದನ್ನೇ: ಗಾಂಧೀಜಿಯ ‘ಕೆಟ್ಟದ್ದನ್ನು ನೋಡಬೇಡ’ ಪಾಲಿಸಿ, ಟಿವಿ ಆಫ್ ಮಾಡಬಾರದೇ? ನಾನು ಮಾಡೋದೂ ಅದೇ. ನಿಷೇಧ ಮಾಡಿ ಅಂತ ನಾನೂ ಹೇಳಲ್ಲ; ಇವತ್ತು ಇದು, ನಾಳೆ ಇನ್ನೊಂದು. ಆದರೆ ರಿಮೋಟ್ ಇರುವುದು ನನ್ನ ಕೈಯಲ್ಲಿ. ಸೋಫಾದ ಮೇಲಿನವಳಿಗೆ ಹೆಚ್ಚೆಂದರೆ ಒಂದು ಬಟನ್ ಕೊಡುತ್ತಾರೆ. ಒತ್ತಿದರೆ ಆ ಪ್ರಶ್ನೆ ಹೋಗಿ ಇನ್ನೊಂದು ಬರುತ್ತದೆ.

‘ಬಿಗ್ ಬಾಸ್ ಮಾತ್ರ ನೋಡ್ತೀಯಲ್ಲ?’ ಅನ್ನುತ್ತಾರೆ. ಹೌದು, ಕನ್ನಡದಲ್ಲಿ 2013ರಲ್ಲಿ ಶುರುವಾದಾಗಿನಿಂದ ನೋಡುತ್ತಿದ್ದೇನೆ. ಅಲ್ಲಿ ಬೈಯುವವರೂ ಬೈಸಿಕೊಳ್ಳುವವರೂ ಒಂದೇ ಮನೆಯೊಳಗೆ, ಇಬ್ಬರಿಗೂ ದುಡ್ಡು, ಇಬ್ಬರಿಗೂ ಬಾಯಿ. ಮನೆಯವರನ್ನು ಕರೆಸಿ ಅಳಿಸುವ ವಾರವೊಂದು ನನಗೆ ಹಿಡಿಸಲ್ಲ. ಉಳಿದಂತೆ ಈ ವಾರ ಯಾರು ನಾಮಿನೇಟ್ ಆದರು, ಯಾಕೆ ಆದರು ಅಂತ ಗೊತ್ತಾಗಬೇಕಾ? ನನ್ನನ್ನೇ ಕೇಳಿ.